ಮದುವೆ ಕ್ಯಾಸೆಟ್ಟಿನ ಬಣ್ಣ ಕದ್ದವರು ಯಾರು?

ಧಾರೆ ಸೀರೆ ಕೆಂಪು. ಉಟ್ಟವರಿಗೂ ಗೊತ್ತು, ಉಡಿಸಿದವರಿಗೂ ಗೊತ್ತು, ಊಟ ಮಾಡಿ ಹೋದ ನೆಂಟರಿಗೂ ಗೊತ್ತು. ಆದರೆ ಮೂವತ್ತು ಮೂವತ್ತೈದು ವರ್ಷ ಕಪಾಟಿನಲ್ಲಿ ಮಲಗಿದ್ದ ವಿಡಿಯೋ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದು ಮನೆಯ ಹೊಸ ಟಿವಿಗೆ ಚುಚ್ಚಿದರೆ ಆ ಸೀರೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಇಲ್ಲವೇ ಮದುಮಗನ ಮುಖ ಹಾಗಲಕಾಯಿಯಷ್ಟು ಹಸಿರು. ಇಲ್ಲವೇ ಮುಡಿದ ಮಲ್ಲಿಗೆಯ ಸುತ್ತ ಕಾಮನಬಿಲ್ಲು!

ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದ ಪೇಟೆಗಳಲ್ಲಿ ಕ್ಯಾಸೆಟ್ ಇಳಿಸಿಕೊಡುವ ಸ್ಟುಡಿಯೋಗಳ ಕೌಂಟರಿನಲ್ಲಿ ನಡೆಯುವ ಜಗಳದ ಧಾಟಿ ಹೆಚ್ಚುಕಡಿಮೆ ಹೀಗಿರುತ್ತದೆ:

"ಎಂಥ ಮಾರಾಯ್ರೆ ಇದು? ನಾವು ಮಾಡಿಸಿದ್ದು ಕಲರ್ ವಿಡಿಯೋ. ನೀವು ಬ್ಲಾಕ್ ಆಂಡ್ ವೈಟ್ ಮಾಡಿ ಕೊಟ್ಟಿದ್ದೀರಲ್ಲ!"

"ನಾನೆಂಥ ಮಾಡುದು ಅಕ್ಕ? ನಿಮ್ಮ ಕ್ಯಾಸೆಟ್ಟಿಗೇ ಮೂವತ್ತೈದು ವರ್ಷ. ಕಲರ್ ಹೋಗಿದೆ."

"ಹೋಗ್ಲಿಕ್ಕೆ ಅದೇನು ಗೋಡೆಗೆ ಹೊಡೆದ ಸುಣ್ಣವಾ?"

ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಕ್ಯಾಸೆಟ್ಟಿನ ಬಣ್ಣ ಸುಣ್ಣದ ಹಾಗೆ ಉದುರುವುದಿಲ್ಲ. ಹಳೆಯ ಫೋಟೋದ ಹಾಗೆ ಮಾಸುವುದೂ ಇಲ್ಲ. ಹೆಚ್ಚಿನ ಸಲ ಬಣ್ಣ ಟೇಪಿನಲ್ಲೇ ಇರುತ್ತದೆ, ಇಳಿಸುವ ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಹುಡುಕುವ ಬದಲು "ಹೋಗಿದೆ" ಎಂದು ಷರಾ ಬರೆದರೆ ಮನೆಯವರು ಕ್ಯಾಸೆಟ್ಟನ್ನು ಗುಜರಿಗೆ ಹಾಕುತ್ತಾರೆ. ಆಮೇಲೆ ಯಾರೂ ಏನೂ ಮಾಡುವಂತಿಲ್ಲ. ಆ ಕ್ಯಾಸೆಟ್ಟಿನಲ್ಲಿ ಮೂರನೆಯ ಸಾಲಿನ ಕುರ್ಚಿಯಲ್ಲಿ ವೀಳ್ಯ ಮೆಲ್ಲುತ್ತ ಕೂತ ಅಜ್ಜ ನಡೆದಾಡುವ, ನಗುವ ಚಿತ್ರ ಬೇರೆಲ್ಲೂ ಇರುವುದಿಲ್ಲ.

ಮಾಸುವುದು ಫೋಟೋ, ಟೇಪಲ್ಲ

ಫೋಟೋದಲ್ಲಿ, ಸಿನಿಮಾ ರೀಲಿನಲ್ಲಿ ಇರುವುದು ನಿಜವಾದ ಬಣ್ಣ, ರಾಸಾಯನಿಕ ಬಣ್ಣ. ಬಿಸಿಲು ಬಿದ್ದರೆ, ವರ್ಷ ಕಳೆದರೆ ಅದು ಮಾಸುತ್ತದೆ. ವಿಡಿಯೋ ಟೇಪಿನಲ್ಲಿ ಬಣ್ಣವೇ ಇಲ್ಲ! ಅರ್ಧ ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕಬ್ಬಿಣದ ತುಕ್ಕಿನ ಜಾತಿಯ ಕಂದು ಪುಡಿ, ಆ ಪುಡಿಯಲ್ಲಿ ಅಯಸ್ಕಾಂತದ ಗುರುತು. ಅಷ್ಟೆ. ಆ ಗುರುತನ್ನು ಓದಿ "ಇದು ಕೆಂಪು, ಇದು ಹಸಿರು" ಎಂದು ಲೆಕ್ಕ ಹಾಕುವುದು ಯಂತ್ರ.

ಈ ಗುರುತು ವರ್ಷ ಕಳೆದಂತೆ ಸ್ವಲ್ಪ ದುರ್ಬಲವಾಗುವುದು ಹೌದು. ಆಗ ಚಿತ್ರದಲ್ಲಿ ಚುಕ್ಕೆ ಬೀಳುತ್ತದೆ, ಬಣ್ಣದಲ್ಲಿ ಕಾಳುಕಾಳು ಕಾಣುತ್ತದೆ, ಒಂದೊಂದು ಕಡೆ ಬಣ್ಣ ಬಂದು ಹೋಗಿ ಮಾಡುತ್ತದೆ. ಆದರೆ ಇಡೀ ಮದುವೆ ಮೊದಲಿನಿಂದ ಕೊನೆಯ ತನಕ ಒಂದೇ ಸಮನೆ ಕಪ್ಪು ಬಿಳುಪಾಗಿದ್ದರೆ ಅದು ಹಳತಾದ ಟೇಪಿನ ಲಕ್ಷಣವಲ್ಲ. ಎಲ್ಲೋ ಸ್ವಿಚ್ಚು ತಪ್ಪಿದೆ, ಇಲ್ಲವೇ ವಯರು ತಪ್ಪಿದೆ, ಇಲ್ಲವೇ ಕಂಪ್ಯೂಟರಿಗೆ ಕೊಟ್ಟ ಆದೇಶ ತಪ್ಪಿದೆ.

ಫುಟ್‌ಬೋರ್ಡಿನ ಪ್ರಯಾಣಿಕ

ಟಿವಿ ಮೊದಲು ಬಂದದ್ದು ಕಪ್ಪು ಬಿಳುಪಿನಲ್ಲಿ. ಬಣ್ಣವನ್ನು ಆಮೇಲೆ ಸೇರಿಸಿದರು, ಅದೂ ಹಳೆಯ ಸೆಟ್ಟುಗಳು ಮೂಲೆಗೆ ಬೀಳದ ಹಾಗೆ. ಹಾಗಾಗಿ ಕಪ್ಪು ಬಿಳುಪು ಚಿತ್ರ ಸೀಟು ಹಿಡಿದು ಕೂತ ಪ್ರಯಾಣಿಕನಾದರೆ ಬಣ್ಣ ಫುಟ್‌ಬೋರ್ಡಿನಲ್ಲಿ ಜೋತುಬಿದ್ದವ. ಬಸ್ಸು ಸ್ವಲ್ಪ ಕುಲುಕಿದರೂ ಮೊದಲು ಬೀಳುವವ ಅವನೇ.

ನಮ್ಮ ಕಡೆಯ ಟಿವಿಯಲ್ಲಿ ಬಣ್ಣದ ಸಂಕೇತ ಸೆಕೆಂಡಿಗೆ ಸುಮಾರು 44 ಲಕ್ಷ 33 ಸಾವಿರ ಸಲ ಕಂಪಿಸುತ್ತದೆ. ಮನೆಬಳಕೆಯ ವಿಎಚ್‌ಎಸ್ ಯಂತ್ರಕ್ಕೆ ಅಷ್ಟು ವೇಗವನ್ನು ಟೇಪಿನ ಮೇಲೆ ನೇರವಾಗಿ ಬರೆಯುವ ತಾಕತ್ತಿಲ್ಲ. ಆದ್ದರಿಂದ ಅದನ್ನು ಸುಮಾರು 6 ಲಕ್ಷ 27 ಸಾವಿರಕ್ಕೆ ಇಳಿಸಿ ಬರೆಯುತ್ತದೆ, ತೋರಿಸುವಾಗ ಮತ್ತೆ ಮೇಲಕ್ಕೆ ಏರಿಸುತ್ತದೆ. ಈ ಇಳಿಸಿ ಏರಿಸುವ ಕಸರತ್ತಿನಲ್ಲೇ ಬಣ್ಣ ಸ್ವಲ್ಪ ಕಲಸಿಹೋಗುತ್ತದೆ. ವಿಎಚ್‌ಎಸ್‌ನಲ್ಲಿ ಕೆಂಪು ಸೀರೆಯ ಅಂಚು ಪಕ್ಕದವರ ಶರ್ಟಿನ ಮೇಲೆ ಹರಿದಂತೆ ಕಾಣುವುದು ಇದರಿಂದಲೇ. ಅದು ಹುಟ್ಟುಗುಣ. ಅದಕ್ಕೆ ಸ್ಟುಡಿಯೋದವನನ್ನು ಬೈದು ಪ್ರಯೋಜನವಿಲ್ಲ.

ಚಿತ್ರದ ಪ್ರತಿಯೊಂದು ಗೆರೆಯ ಆರಂಭದಲ್ಲೂ "ಬಣ್ಣ ಬರುತ್ತಿದೆ" ಎಂದು ಹೇಳುವ ಒಂದು ಸಣ್ಣ ಸುಳಿವು ಇರುತ್ತದೆ. ಆ ಸುಳಿವು ಸಿಗದಿದ್ದರೆ, ಅಥವಾ ಸಿಕ್ಕಿದ್ದು ಬೇರೆ ಪದ್ಧತಿಯದಾಗಿದ್ದರೆ, ಟಿವಿಯಲ್ಲೂ ಕಂಪ್ಯೂಟರಿಗೆ ಹಾಕುವ ಡಬ್ಬಿಯಲ್ಲೂ ಇರುವ ಒಂದು ಸರ್ಕ್ಯೂಟು ಬಣ್ಣವನ್ನೇ ಬಂದ್ ಮಾಡಿಬಿಡುತ್ತದೆ. ಅರೆಬರೆ ಬಣ್ಣದ ಗಲಾಟೆಗಿಂತ ಶುದ್ಧ ಕಪ್ಪು ಬಿಳುಪು ವಾಸಿ ಎಂಬುದು ಅದರ ನ್ಯಾಯ. ಆ ಸರ್ಕ್ಯೂಟಿಗೆ ಮೆಕ್ಯಾನಿಕರು ಇಟ್ಟ ಹೆಸರು "ಕಲರ್ ಕಿಲ್ಲರ್". ಬಣ್ಣ ಕದ್ದ ಕಳ್ಳ ಹೆಚ್ಚಾಗಿ ಇವನೇ!

ಮೂರು ದೇಶ, ಮೂರು ಭಾಷೆ

ಜಗತ್ತಿನ ಟಿವಿಗಳು ಬಣ್ಣದ ವಿಷಯದಲ್ಲಿ ಮೂರು ಭಾಷೆ ಆಡುತ್ತಿದ್ದವು. ಅಮೆರಿಕದಲ್ಲಿ 1953ರಲ್ಲಿ ಒಪ್ಪಿಗೆಯಾದ ಎನ್‌ಟಿಎಸ್‌ಸಿ. ಜರ್ಮನಿಯ ಟೆಲಿಫುಂಕೆನ್ ಕಂಪೆನಿಯ ಎಂಜಿನಿಯರ್ ವಾಲ್ಟರ್ ಬ್ರೂಖ್ ರೂಪಿಸಿ, 1967ರಲ್ಲಿ ಅಲ್ಲಿ ಪ್ರಸಾರಕ್ಕೆ ಬಂದ ಪಾಲ್. ಅದೇ ವರ್ಷ ಫ್ರಾನ್ಸ್ ಶುರುಮಾಡಿದ ಸೆಕಾಮ್. ನಮ್ಮ ದೂರದರ್ಶನಕ್ಕೆ 1982ರಲ್ಲಿ, ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ವರ್ಷ ಬಣ್ಣ ಬಂದಾಗ ಭಾರತ ಆರಿಸಿಕೊಂಡದ್ದು ಪಾಲ್.

ಪಾಲ್‌ನ ಚಿತ್ರದಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ. ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಸೆಕೆಂಡಿಗೆ ಹೆಚ್ಚುಕಡಿಮೆ 30 ಚಿತ್ರ. ಸೆಕಾಮ್‌ನಲ್ಲಿ ಗೆರೆಯೂ ಚಿತ್ರವೂ ಪಾಲ್‌ನಷ್ಟೇ. ಬಣ್ಣ ಹೇಳುವ ರೀತಿ ಮಾತ್ರ ಬೇರೆ.

ಇದು ದೇಶಾಂತರದ ಕಥೆ, ನಮಗೇಕೆ ಎನ್ನುತ್ತೀರಾ? ಕರಾವಳಿಯವರಿಗೆ ಇದು ಮನೆಯ ಕಥೆ. ಇಲ್ಲಿಯ ಎಷ್ಟೋ ಮನೆಗೆ ವಿಸಿಆರ್ ಬಂದದ್ದೇ ಗಲ್ಫಿನಿಂದ, ಕಂಬಳಿ ಮತ್ತು ಟಾರ್ಚಿನ ಜೊತೆಗೆ. ದುಬೈ, ಮಸ್ಕತ್, ದೋಹಾ, ಕುವೈತ್, ಬಹರೈನ್ ಕಡೆ ಇದ್ದದ್ದು ನಮ್ಮದೇ ಪಾಲ್. ಆದರೆ ಸೌದಿ ಅರೇಬಿಯಾದ ಟಿವಿ ಆ ಕಾಲದಲ್ಲಿ ಸೆಕಾಮ್. ಜೆದ್ದಾದಲ್ಲೋ ದಮ್ಮಾಮ್‌ನಲ್ಲೋ ಅಲ್ಲಿನ ಟಿವಿಯಿಂದ ಹಿಡಿದ, ಅಥವಾ ಅಲ್ಲಿನ ಯಂತ್ರದಲ್ಲಿ ನಕಲಾದ ಕ್ಯಾಸೆಟ್ಟು ಸೆಕಾಮ್ ಆಗಿರಬಹುದು. ಅದನ್ನು ಬರೇ ಪಾಲ್ ಓದುವ ವಿಸಿಆರ್‌ಗೆ ಹಾಕಿದರೆ ಚಿತ್ರ ಸ್ಥಿರ, ಧ್ವನಿ ಸ್ಪಷ್ಟ, ಬಣ್ಣ ಮಾತ್ರ ಸೊನ್ನೆ. ಅಮೆರಿಕದ ಅಣ್ಣ ಕಳಿಸಿದ ಮೊಮ್ಮಗುವಿನ ನಾಮಕರಣದ ಕ್ಯಾಸೆಟ್ಟಾದರೆ ಎನ್‌ಟಿಎಸ್‌ಸಿ. ಅದಕ್ಕೆ ಬಣ್ಣದ ಮಾತು ಹಾಗಿರಲಿ, ಪಾಲ್ ಯಂತ್ರದಲ್ಲಿ ಚಿತ್ರವೇ ಸರಿಯಾಗಿ ನಿಲ್ಲುವುದಿಲ್ಲ.

ಕ್ಯಾಸೆಟ್ಟಿನ ಬೆನ್ನು ನೋಡಿದರೆ ಅರ್ಧ ಗುಟ್ಟು ಅಲ್ಲೇ ಸಿಗುತ್ತದೆ. "ಇ-180" ಎಂದಿದ್ದರೆ ಪಾಲ್ ಅಥವಾ ಸೆಕಾಮ್ ನಾಡಿಗಾಗಿ ಮಾಡಿದ್ದು, ಮೂರು ಗಂಟೆಯ ಟೇಪು. "ಟಿ-120" ಎಂದಿದ್ದರೆ ಎನ್‌ಟಿಎಸ್‌ಸಿ ನಾಡಿಗಾಗಿ ಮಾಡಿದ್ದು, ಅಲ್ಲಿ ಎರಡು ಗಂಟೆ ಓಡುತ್ತದೆ. ಟಿ ಅಕ್ಷರದ ಖಾಲಿ ಕ್ಯಾಸೆಟ್ಟು ತಂದು ಊರಿನ ಮದುವೆಗೇ ಬಳಸಿದವರೂ ಇರಬಹುದು, ಹಾಗಾಗಿ ಇದು ಸುಳಿವೇ ಹೊರತು ತೀರ್ಪಲ್ಲ.

ಇಂಥ ಪರದೇಶಿ ಕ್ಯಾಸೆಟ್ಟಿಗೆ ಮದ್ದು ಗಲ್ಫಿನಿಂದ ಬಂದ "ಮಲ್ಟಿ ಸಿಸ್ಟಮ್" ವಿಸಿಆರ್. ಅದರಲ್ಲಿ ಪದ್ಧತಿ ಆರಿಸುವ ಸ್ವಿಚ್ಚಿರುತ್ತದೆ. ಸೆಕಾಮ್ ಕ್ಯಾಸೆಟ್ಟಿಗೆ "ಮಿ-ಸೆಕಾಮ್" ಎಂಬ ಗುರುತಿಗೆ ಇಡಬೇಕು, ಅದು ಮಧ್ಯಪ್ರಾಚ್ಯದ ವಿಸಿಆರ್‌ಗಳ ಪದ್ಧತಿ. ಸ್ವಿಚ್ಚು ಒಂದು ಮನೆ ಆಚೆ ಸರಿದಿದ್ದರೆ ನಮ್ಮ ಊರಿನ ಪಾಲ್ ಕ್ಯಾಸೆಟ್ಟಿನ ಬಣ್ಣವೂ ಮಾಯ!

ಕಳ್ಳನನ್ನು ಹಿಡಿಯುವ ಕ್ರಮ

ದೋಷ ಟೇಪಿನದೋ, ವಿಸಿಆರ್‌ನದೋ, ಕಂಪ್ಯೂಟರಿನದೋ? ಇದಕ್ಕೆ ಜ್ಯೋತಿಷ್ಯ ಬೇಡ, ಮೂರು ಪರೀಕ್ಷೆ ಸಾಕು.

ಮೊದಲನೆಯದು: ವಿಸಿಆರ್‌ನ ವಯರನ್ನು ಕಂಪ್ಯೂಟರಿನಿಂದ ಬಿಚ್ಚಿ ನೇರ ಟಿವಿಗೆ ಕೊಡಿ. ಹಳೆಯ ದಪ್ಪ ಟಿವಿ ಇದ್ದರೆ ಬಹಳ ಒಳ್ಳೆಯದು. ಅಲ್ಲಿ ಬಣ್ಣ ಬಂತೇ? ಹಾಗಾದರೆ ಟೇಪೂ ಸರಿ, ವಿಸಿಆರೂ ಸರಿ. ಕಳ್ಳ ಇರುವುದು ಕಂಪ್ಯೂಟರಿನ ಬದಿಯಲ್ಲಿ.

ಎರಡನೆಯದು: ಟಿವಿಯಲ್ಲೂ ಬಣ್ಣವಿಲ್ಲ ಎಂದಾದರೆ ಇದೇ ಊರಿನಲ್ಲಿ ಚಿತ್ರೀಕರಿಸಿದ, ಬಣ್ಣ ಇದೆ ಎಂದು ಗೊತ್ತಿರುವ ಇನ್ನೊಂದು ಕ್ಯಾಸೆಟ್ಟು ಹಾಕಿ. ಅದು ಬಣ್ಣದಲ್ಲಿ ಬಂದರೆ ಮೊದಲಿನ ಕ್ಯಾಸೆಟ್ಟು ಬೇರೆ ಪದ್ಧತಿಯದು, ಇಲ್ಲವೇ ಅದರ ಸಂಕೇತ ತೀರ ಕ್ಷೀಣ.

ಮೂರನೆಯದು: ಎರಡೂ ಕ್ಯಾಸೆಟ್ಟು ಬಣ್ಣವಿಲ್ಲದೆ ಬಂದರೆ ಬೇರೆ ವಿಸಿಆರ್ ಇಟ್ಟು ನೋಡಿ. ಆಗ ಬಣ್ಣ ಬಂದರೆ ಮೊದಲಿನ ಯಂತ್ರ ಮೆಕ್ಯಾನಿಕರ ಬಳಿಗೆ ಹೋಗಬೇಕು.

ಹತ್ತು ನಿಮಿಷದ ಕೆಲಸ. ಇಷ್ಟು ಮಾಡದೆ "ಕಲರ್ ಹೋಗಿದೆ" ಎನ್ನುವುದು, ನಾಡಿ ಹಿಡಿಯದೆ ಚೀಟಿ ಬರೆದ ವೈದ್ಯರ ಹಾಗೆ.

ಕಂಪ್ಯೂಟರಿನ ಬದಿಯ ತಪ್ಪುಗಳು

ವಿಸಿಆರ್ ಮತ್ತು ಕಂಪ್ಯೂಟರಿನ ನಡುವೆ ಬೆರಳುದ್ದದ ಒಂದು ಡಬ್ಬಿ ಇರುತ್ತದೆ. ಅದನ್ನು ನಡೆಸುವ ಪ್ರೋಗ್ರಾಮು ಎಷ್ಟೋ ಸಲ ತಾನಾಗಿಯೇ ಎನ್‌ಟಿಎಸ್‌ಸಿ ಎಂದು ಕೂತಿರುತ್ತದೆ. ಭಾರತದ ಕ್ಯಾಸೆಟ್ಟಿಗೆ ಅದನ್ನು "ಪಾಲ್ ಬಿ" ಎಂದು ಬದಲಿಸಬೇಕು. ಚಿತ್ರದ ಅಳತೆ 720ಕ್ಕೆ 576, ಸೆಕೆಂಡಿಗೆ 25. ಎನ್‌ಟಿಎಸ್‌ಸಿ ಕ್ಯಾಸೆಟ್ಟಾದರೆ 720ಕ್ಕೆ 480. ಇಷ್ಟೊಂದು ಆಯ್ಕೆ ಬದಲಿಸಿದ ಕೂಡಲೇ ಸೀರೆ ಕೆಂಪಾಗುವುದುಂಟು.

ಎರಡನೆಯ ತಪ್ಪು ವಯರಿನದು. ಹಳದಿ ಪಿನ್ನಿನ ವಯರಿನಲ್ಲಿ ಕಪ್ಪು ಬಿಳುಪೂ ಬಣ್ಣವೂ ಒಟ್ಟಿಗೆ ಹೋಗುತ್ತವೆ. ದುಂಡಗಿನ, ನಾಲ್ಕು ಸಣ್ಣ ಕಡ್ಡಿಯ "ಎಸ್-ವಿಡಿಯೋ" ವಯರಿನಲ್ಲಿ ಎರಡೂ ಬೇರೆ ಬೇರೆ ಹೋಗುತ್ತವೆ. ಹಳದಿ ವಯರು ಹಾಕಿ ಪ್ರೋಗ್ರಾಮಿನಲ್ಲಿ ಎಸ್-ವಿಡಿಯೋ ಎಂದು ಆರಿಸಿದರೆ, ಅಥವಾ ಎಸ್-ವಿಡಿಯೋದ ಒಂದು ಕಡ್ಡಿ ಬಗ್ಗಿದ್ದರೆ, ಬಣ್ಣ ಬರುವುದಿಲ್ಲ. ಹೊಸ ಟಿವಿಗಳಲ್ಲೂ ಇದೇ ಮೋಸ. ಹಲವು ಸೆಟ್ಟುಗಳಲ್ಲಿ ಹಳದಿ ಪಿನ್ನನ್ನು ಹಸಿರು ತೂತಿಗೇ ಹಾಕಬೇಕು. ಆಗ ರಿಮೋಟಿನಲ್ಲಿ "ಎವಿ" ಆರಿಸದೆ "ಕಾಂಪೊನೆಂಟ್" ಆರಿಸಿದರೆ ಕಪ್ಪು ಬಿಳುಪೇ ಗತಿ.

ಮೂರನೆಯದು ಅತಿ ಬುದ್ಧಿವಂತಿಕೆ. ಕೆಲವು ಮಲ್ಟಿ ಸಿಸ್ಟಮ್ ವಿಸಿಆರ್‌ಗಳು ಅಮೆರಿಕದ ಕ್ಯಾಸೆಟ್ಟನ್ನು ಪಾಲ್ ಟಿವಿಗೆ ಅರ್ಥವಾಗಲಿ ಎಂದು ಅರ್ಧ ಪಾಲ್, ಅರ್ಧ ಎನ್‌ಟಿಎಸ್‌ಸಿ ಮಾಡಿ ಕೊಡುತ್ತವೆ. ಟಿವಿ ಹೇಗೋ ಹೊಂದಿಸಿಕೊಳ್ಳುತ್ತದೆ. ಆದರೆ ಕಂಪ್ಯೂಟರಿನ ಡಬ್ಬಿಗಳಲ್ಲಿ ಹಲವಕ್ಕೆ ಈ ಕಲಬೆರಕೆ ಅರ್ಥವಾಗುವುದಿಲ್ಲ. ಟಿವಿಯಲ್ಲಿ ಬಣ್ಣ, ಪೆನ್‌ಡ್ರೈವಿನಲ್ಲಿ ಬೂದಿ! ಆಗ ವಿಸಿಆರ್‌ನಲ್ಲಿ ಶುದ್ಧ ಎನ್‌ಟಿಎಸ್‌ಸಿ ಹೊರಬಿಡುವ ಆಯ್ಕೆ ಇದೆಯೇ ನೋಡಿ, ಡಬ್ಬಿಯನ್ನೂ ಅದಕ್ಕೇ ಹೊಂದಿಸಬೇಕು.

ಬಂದು ಹೋಗುವ ಬಣ್ಣ, ಹಸಿರು ಮುಖ

ಬಣ್ಣ ಮಿಣಮಿಣ ಎನ್ನುತ್ತಿದ್ದರೆ ಮೊದಲು ಟ್ರ್ಯಾಕಿಂಗ್ ಗುಂಡಿ ತಿರುಗಿಸಿ. ಕ್ಯಾಸೆಟ್ಟನ್ನು ಕೊನೆಯ ತನಕ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಲುಗಾಡದೆ ಕೂತ ಟೇಪಿನ ಬಿಗಿ ಸರಿಯಾಗುತ್ತದೆ. ಆಮೇಲೂ ಹಾಗೇ ಇದ್ದರೆ ಯಂತ್ರದ ಹೆಡ್ಡು ಕೊಳೆಯಾಗಿರುತ್ತದೆ. ಕೊಳೆ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ನುಣುಪು ಚರ್ಮದ ತುಂಡನ್ನು ಡ್ರಮ್ಮಿಗೆ ಮೆಲ್ಲಗೆ ತಾಗಿಸಿ ಹಿಡಿದು, ಡ್ರಮ್ಮನ್ನು ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ, ಕಿವಿಗೆ ಹಾಕುವ ಹತ್ತಿಕಡ್ಡಿ ತಂದು ತಿಕ್ಕಿದರೆ ಹೆಡ್ಡು ಮುರಿದೀತು. ಅಭ್ಯಾಸವಿಲ್ಲದವರು ಇದಕ್ಕೆ ಕೈಹಾಕದಿರುವುದೇ ಮೇಲು.

ಅಲುಗುವ ಚಿತ್ರವನ್ನು ಒಂದು ತಾಳಕ್ಕೆ ತರುವ "ಟೈಮ್ ಬೇಸ್ ಕರೆಕ್ಟರ್" ಎಂಬ ಉಪಕರಣವಿದೆ. ಕೆಲವು ಮೇಲ್ದರ್ಜೆಯ ವಿಸಿಆರ್‌ಗಳ ಒಳಗೇ ಇರುತ್ತದೆ. ದಿನವೂ ಈ ಕೆಲಸ ಮಾಡುವ ಸ್ಟುಡಿಯೋದಲ್ಲಿ ಅದು ಇರಲೇಬೇಕು.

ಮುಖವೆಲ್ಲ ಹಸಿರೋ ನೇರಳೆಯೋ ಆಗಿ, ಅದು ಎನ್‌ಟಿಎಸ್‌ಸಿ ಕ್ಯಾಸೆಟ್ಟಾಗಿದ್ದರೆ "ಹ್ಯೂ" ಎಂಬ ಆಯ್ಕೆಯನ್ನು ಅತ್ತಿತ್ತ ಮಾಡಿದರೆ ಸರಿಯಾಗುತ್ತದೆ. ಈ ರೋಗ ಪಾಲ್‌ಗೆ ಇಲ್ಲ, ಅದನ್ನು ತಪ್ಪಿಸಲೆಂದೇ ಪಾಲ್ ಹುಟ್ಟಿದ್ದು. ಪಾಲ್ ಕ್ಯಾಸೆಟ್ಟಿನಲ್ಲಿ ಇಡೀ ಮಂಟಪ ನೀಲಿಯಾಗಿದ್ದರೆ, ಅಥವಾ ಕಿತ್ತಳೆಯಾಗಿದ್ದರೆ, ಅದು ಅಂದಿನ ಕ್ಯಾಮೆರಾದವರ ತಪ್ಪು. ಹ್ಯಾಲೋಜನ್ ದೀಪಕ್ಕೆ ಹೊಂದಿಸಿದ ಕ್ಯಾಮೆರಾವನ್ನು ಹಾಗೇ ಕಿಟಕಿಯ ಬಿಸಿಲಿಗೆ, ಇಲ್ಲವೇ ಬಿಸಿಲಿಗೆ ಹೊಂದಿಸಿದ್ದನ್ನು ಹ್ಯಾಲೋಜನ್ ದೀಪದ ಕೆಳಗೆ ತಂದಿರುತ್ತಾರೆ. ಇಳಿಸಿದ ಮೇಲೆ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ತಿದ್ದಬಹುದು. ಬಿಳಿ ಪಂಚೆ ಬಿಳಿಯಾಗುವ ತನಕ ತಿದ್ದಿದರೆ ಮುಖದ ಬಣ್ಣವೂ ತಾನಾಗಿ ಹತ್ತಿರ ಬರುತ್ತದೆ.

ಆದರೆ ಒಂದನ್ನು ಆಮೇಲೆ ತಿದ್ದಲಾಗದು. ಇಳಿಸುವಾಗಲೇ ಬೆಳಕು ಜಾಸ್ತಿಯಿಟ್ಟು ಬಿಳಿ ಸೀರೆಯ ನೆರಿಗೆ ಸುಟ್ಟುಹೋದರೆ ಅದು ಮತ್ತೆ ಬರುವುದಿಲ್ಲ. ಆದ್ದರಿಂದ ಇಳಿಸುವಾಗ ಬೆಳಕೂ ಬಣ್ಣವೂ ಸ್ವಲ್ಪ ಕಡಿಮೆಯೇ ಇರಲಿ. ಉಪ್ಪು ಕಡಿಮೆಯಾದರೆ ಹಾಕಬಹುದು, ಹೆಚ್ಚಾದರೆ ತೆಗೆಯಲಾಗದು.

ಇನ್ನು, ಟಿವಿಯ ಮೂಲೆಯಲ್ಲಿ ಮಾತ್ರ ನೇರಳೆ ಹಸಿರು ಮಚ್ಚೆ ಕಂಡರೆ ಅದು ಕ್ಯಾಸೆಟ್ಟಿನದಲ್ಲ, ಹತ್ತಿರ ಸ್ಪೀಕರ್ ಇಟ್ಟ ಹಳೆಯ ಟಿವಿಯದು. ಚಿತ್ರದ ಕೆಳ ಅಂಚಿನಲ್ಲಿ ಒಂದು ತೆಳು ಗೆರೆ ಹರಿದಾಡುವುದು ವಿಎಚ್‌ಎಸ್‌ಗೆ ಸಹಜ. ಅದಕ್ಕೂ ಜಗಳ ಬೇಡ.

ಬಾಡಿಗೆಗೆ ಬರುತ್ತಿದ್ದ ಸಿನಿಮಾ ಕ್ಯಾಸೆಟ್ಟು ಇಳಿಸಲು ಹೋಗಿ ಚಿತ್ರ ಒಮ್ಮೆ ಬೆಳಗಿ ಒಮ್ಮೆ ಕಂತಿ ಬಣ್ಣ ಕೆಡುತ್ತಿದ್ದರೆ ಅದು ದೋಷವೇ ಅಲ್ಲ, ಬೀಗ! ನಕಲು ಮಾಡಬಾರದೆಂದು 1980ರ ದಶಕದ ಮಧ್ಯದಿಂದ ಕಂಪೆನಿಗಳು ಹಾಕತೊಡಗಿದ "ಮ್ಯಾಕ್ರೊವಿಷನ್" ಎಂಬ ಬೀಗ. ಆ ಸಿನಿಮಾದ ಹಕ್ಕು ಬೇರೆಯವರದು. ಅದನ್ನು ಬಿಟ್ಟುಬಿಡುವುದೇ ಲೇಸು.

ಮಳೆಗಾಲದ ಶತ್ರು

ಕರಾವಳಿ, ಮಲೆನಾಡಿನ ಕ್ಯಾಸೆಟ್ಟಿಗೆ ಎಲ್ಲಕ್ಕಿಂತ ದೊಡ್ಡ ಶತ್ರು ಬೂಸ್ಟು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿದಾಗ ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿಯೋ ಜೇಡನ ಬಲೆಯಂತಹದೋ ಕಂಡರೆ ಅದನ್ನು ವಿಸಿಆರ್‌ಗೆ ಹಾಕಲೇಬಾರದು. ಹಾಕಿದರೆ ಹೆಡ್ಡಿಗೆ ಬೂಸ್ಟು ಮೆತ್ತಿ ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಹಪ್ಪಳದ ಹಾಗೆ ಬಿಸಿಲಿಗೆ ಒಣಗಿಸಲೂ ಬಾರದು, ಪಟ್ಟಿ ಮುದುಡುತ್ತದೆ. ಬೂಸ್ಟು ತೆಗೆಯುವ ಅನುಭವವಿದ್ದವರ ಕೈಗೇ ಕೊಡಬೇಕು. ಒಳ್ಳೆಯ ಕ್ಯಾಸೆಟ್ಟನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ತೇವವಿಲ್ಲದ ಕಡೆ, ಸ್ಪೀಕರಿನಿಂದ ದೂರ ಇಡಬೇಕು.

ಕೊಡುವವರಿಗೆ, ತೆಗೆದುಕೊಳ್ಳುವವರಿಗೆ

ಕ್ಯಾಸೆಟ್ ಕೊಡುವವರು ಎಲ್ಲವನ್ನೂ ಚೀಲದಲ್ಲಿ ಸುರಿದು ಬರಬೇಡಿ. ಮೊದಲು ಒಂದು ಕೊಡಿ. ಐದು ನಿಮಿಷ ಇಳಿಸಿ ತೋರಿಸಲಿ. ಯಾವ ದೇಶದಿಂದ ಬಂದದ್ದು, ಇದು ಮೂಲವೋ ನಕಲೋ ಹೇಳಿ. ನಕಲಿನ ನಕಲಾದರೆ ಪ್ರತಿ ಸಲವೂ ಬಣ್ಣ ಇನ್ನಷ್ಟು ಕಲಸಿರುತ್ತದೆ, ಅಂಥದ್ದಕ್ಕೆ ನೆಂಟರ ಮನೆಯಲ್ಲಿ ಮೂಲ ಕ್ಯಾಸೆಟ್ಟು ಉಳಿದಿದೆಯೇ ವಿಚಾರಿಸಿ. ಹಿಂದೆ ಸಿಡಿಗೆ ಹಾಕಿಸಿದ್ದಾಗಿದೆ ಎಂದು ಟೇಪು ಬಿಸಾಡಬೇಡಿ. ವಿಸಿಡಿಯ ಚಿತ್ರದ ಅಳತೆ ಬರೇ 352ಕ್ಕೆ 288. ಟೇಪಿನಿಂದ ಮತ್ತೆ ಇಳಿಸಿದರೆ ಅದಕ್ಕಿಂತ ಚೆನ್ನಾಗಿ ಬರುತ್ತದೆ. ಫೈಲನ್ನು ತಿದ್ದುವ ಮೊದಲಿನ ರೂಪದಲ್ಲೂ ಕೇಳಿ ಪಡೆಯಿರಿ. ಡಿವಿ ಎಂಬ ರೂಪದಲ್ಲಾದರೆ ಒಂದು ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ವಾಟ್ಸಾಪಿನಲ್ಲಿ ಬಂದ ಚೂರನ್ನು ನಂಬಿ ಕೂರಬೇಡಿ, ಅದು ಹಿಂಡಿದ ಕಬ್ಬು.

ಅಂಗಡಿಯವರು ಬಿಲ್ಲಿನಲ್ಲಿ ಕ್ಯಾಸೆಟ್ಟಿನ ಸ್ಥಿತಿ ಬರೆಯಲಿ. ಬೂಸ್ಟು ಇದೆಯೇ, ಪದ್ಧತಿ ಯಾವುದು, ಪರೀಕ್ಷೆಯಲ್ಲಿ ಬಣ್ಣ ಬಂತೇ. ಎರಡು ಸಾಲು ಬರೆದರೆ ಎರಡು ದಿನದ ಜಗಳ ಉಳಿಯುತ್ತದೆ. ತಮ್ಮಲ್ಲಿ ಬಣ್ಣ ಬಾರದಿದ್ದರೆ "ಹೋಗಿದೆ" ಎನ್ನುವ ಬದಲು "ನಮ್ಮ ಯಂತ್ರದಲ್ಲಿ ಬರ್ತಾ ಇಲ್ಲ, ಮಲ್ಟಿ ಸಿಸ್ಟಮ್ ಇರುವಲ್ಲಿ ತೋರಿಸಿ" ಎಂದರೆ ಮರ್ಯಾದೆಯೇನೂ ಕಮ್ಮಿಯಾಗದು. ಗಿರಾಕಿ ಒಬ್ಬ ಹೋದರೂ ಅವರ ಅಜ್ಜ ಉಳಿಯುತ್ತಾರೆ.

ಅವಸರಕ್ಕೂ ಕಾರಣವಿದೆ. ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪೆನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಇರುವ ಯಂತ್ರಗಳೆಲ್ಲ ಹಳತು. ಬೆಲ್ಟು ಜೋತಿದೆ, ರಬ್ಬರ್ ಗಟ್ಟಿಯಾಗಿದೆ. ರಿಪೇರಿ ಗೊತ್ತಿದ್ದ ಮೆಕ್ಯಾನಿಕರಿಗೆ ವಯಸ್ಸಾಗಿದೆ, ಹಲವರು ಮೊಬೈಲ್ ಅಂಗಡಿಗೆ ಇಳಿದಿದ್ದಾರೆ. ಟೇಪು ಕಾಯುತ್ತದೆ, ಯಂತ್ರ ಕಾಯುವುದಿಲ್ಲ. ಬೂಸ್ಟು ಹಿಡಿಯುವ ಇನ್ನೊಂದು ಆಷಾಢ ಬರುವ ಮೊದಲೇ ಕಪಾಟಿನ ಮೇಲಿನ ಅಂತಸ್ತಿಗೆ ಕೈ ಹಾಕಿ ಕ್ಯಾಸೆಟ್ಟುಗಳನ್ನು ಕೆಳಗಿಳಿಸುವುದು ಜಾಣತನ.